ಶಸ್ತ್ರಚಿಕಿತ್ಸೆಯ ನಂತರದ ಕರುಳು: ಹಿರ್ಷ್‌ಸ್ಪ್ರುಂಗ್ ಕಾಯಿಲೆಯ ಚರಿತ್ರೆ ಮತ್ತು ಬಸವಕಲ್ಯಾಣ–ಹುಮನಾಬಾದ್ ಸೀಮೆ

ಹುಟ್ಟಿ ಎರಡು ದಿನವಾದರೂ ಕೂಸು ಕಪ್ಪು ಮಲ ಹಾಕುವುದಿಲ್ಲ. ಹೊಟ್ಟೆ ಉಬ್ಬುತ್ತದೆ, ವಾಂತಿ ಹಸಿರಾಗುತ್ತದೆ. ಹಿರ್ಷ್‌ಸ್ಪ್ರುಂಗ್ ಕಾಯಿಲೆ ಹೆಚ್ಚಾಗಿ ಹೀಗೆ ಕಾಣಿಸಿಕೊಳ್ಳುತ್ತದೆ. ಗರ್ಭದಲ್ಲಿ ಕರುಳಿನ ನರಕೋಶಗಳು ಮೇಲಿನಿಂದ ಗುದದ ಕಡೆಗೆ ಸಾಗಿ ಬರಬೇಕು. ಆ ಸಾಗಾಟ ನಡುವೆ ನಿಂತರೆ ಕೆಳಗಿನ ಭಾಗ ಸಡಿಲಗೊಳ್ಳಲಾರದೆ ಬಿಗಿದುಕೊಳ್ಳುತ್ತದೆ, ಮೇಲಿನ ಕರುಳು ಹಿಗ್ಗುತ್ತದೆ. ಸುಮಾರು 5,000 ಜನನಗಳಿಗೆ ಒಂದರಂತೆ ಕಾಣುವ ಈ ತೊಂದರೆ ಗಂಡುಮಕ್ಕಳಲ್ಲಿ ಸುಮಾರು ನಾಲ್ಕು ಪಟ್ಟು ಹೆಚ್ಚು.

ಇದರ ಚರಿತ್ರೆಯನ್ನು ಸಾಮಾನ್ಯವಾಗಿ ಶಸ್ತ್ರವೈದ್ಯರ ಸಾಧನೆಯಾಗಿ ಬರೆಯಲಾಗಿದೆ. ಕತ್ತರಿಸಿ ಉಳಿದ ಕರುಳು ಉಪ್ಪು, ನೀರು, ಅನ್ನವನ್ನು ಹೇಗೆ ನಿಭಾಯಿಸುತ್ತದೆ ಎಂಬ ತಿಳಿವಳಿಕೆಗೂ ಒಂದು ಚರಿತ್ರೆಯಿದೆ. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಿಗೆ ಈ ಎರಡನೆಯ ಚರಿತ್ರೆಯೇ ಹೆಚ್ಚು ಉಪಯುಕ್ತ ಎಂಬುದು ಈ ಲೇಖನದ ವಾದ. ಶಸ್ತ್ರಚಿಕಿತ್ಸೆ ದೂರದ ನಗರದಲ್ಲಿ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಕರುಳಿನ ಚಯಾಪಚಯ ಮಾತ್ರ ಊರಿನ ಮನೆಯಲ್ಲಿ ವರ್ಷಗಟ್ಟಲೆ ಸಾಗುತ್ತದೆ.

ಹಳೆಯ ಗ್ರಂಥಗಳ ಸಾಕ್ಷ್ಯ

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ 14ನೆಯ ಅಧ್ಯಾಯ ಉದರರೋಗಗಳದು. ಕರುಳು ಕಟ್ಟಿಕೊಂಡ ‘ಬದ್ಧಗುದ’ದಲ್ಲಿ ಹೊಕ್ಕುಳಿನ ಕೆಳಗೆ ಎಡಭಾಗದಲ್ಲಿ ಸೀಳಿ, ಕರುಳನ್ನು ಹೊರತೆಗೆದು, ಅಡ್ಡಿ ನಿವಾರಿಸಿ, ಜೇನು–ತುಪ್ಪ ಸವರಿ ಒಳಗಿಟ್ಟು ಹೊಲಿಯುವ ಕ್ರಮ ಅಲ್ಲಿದೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಹೊಲಿಗೆಯ ನಂತರದ ಸೂಚನೆ: ರೋಗಿಯನ್ನು ಎಣ್ಣೆಯ ಅಥವಾ ತುಪ್ಪದ ದೋಣಿಯಲ್ಲಿ ಇರಿಸಿ, ಹಾಲಿನ ಆಹಾರವನ್ನಷ್ಟೇ ಕೊಡಬೇಕು. ಇದನ್ನು ಹಿರ್ಷ್‌ಸ್ಪ್ರುಂಗ್ ಕಾಯಿಲೆಯೊಂದಿಗೆ ಸಮೀಕರಿಸುವುದು ತಪ್ಪಾಗುತ್ತದೆ. ಕರುಳಿನ ಶಸ್ತ್ರಕ್ರಿಯೆ ಪಥ್ಯದೊಂದಿಗೇ ಪೂರ್ಣವಾಗುತ್ತದೆ ಎಂಬ ವಿವೇಕವನ್ನಂತೂ ಇಲ್ಲಿ ಗುರುತಿಸಬಹುದು.

ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬಸವಕಲ್ಯಾಣ ಸೀಮೆಯಲ್ಲೂ ಆಹಾರ–ವೈದ್ಯ ಬರವಣಿಗೆ ನಡೆದಿತ್ತು. ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಅನ್ನಭೋಗಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟಿತು. ಅದೇ ಮನೆತನದ ಕೀರ್ತಿವರ್ಮನ ‘ಗೋವೈದ್ಯ’ ಪಶುಚಿಕಿತ್ಸೆಯನ್ನು ಕನ್ನಡಕ್ಕೆ ತಂದಿತು.

1886–1956: ಅಂಗರಚನೆಯ ಗೆಲುವು

ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರುಂಗ್ 1886ರಲ್ಲಿ ಬರ್ಲಿನ್ನಿನ ಸಭೆಯಲ್ಲಿ ಇಬ್ಬರು ಶಿಶುಗಳ ವೃತ್ತಾಂತವನ್ನು ಮಂಡಿಸಿದ. ಹಿಗ್ಗಿದ ಭಾಗವೇ ರೋಗದ ಮೂಲವೆಂದು ಅನಂತರದವರು ಬಹುಕಾಲ ನಂಬಿದರು. ದೋಷವಿರುವುದು ಕೆಳಗಿನ, ನೋಡಲು ಸರಿಯಾಗಿಯೇ ಕಾಣುವ ಭಾಗದಲ್ಲಿ ಎಂಬುದು ಖಚಿತವಾದದ್ದು 1940ರ ದಶಕದಲ್ಲಿ. ಬಾಸ್ಟನ್ನಿನ ಆರ್ವರ್ ಸ್ವೆನ್ಸನ್ ಒಂದು ಸಂಗತಿ ಗಮನಿಸಿದ್ದ: ಹೊಟ್ಟೆಯ ಮೇಲೆ ಮಲದ್ವಾರ ಮಾಡಿದಾಗ ಮಕ್ಕಳು ಚೇತರಿಸಿಕೊಳ್ಳುತ್ತಿದ್ದರು, ಅದನ್ನು ಮುಚ್ಚಿದೊಡನೆ ತೊಂದರೆ ಮರಳುತ್ತಿತ್ತು. ಕೆಳಗಿನ ಭಾಗ ತೆಗೆದು ಮೇಲಿನ ಕರುಳನ್ನು ಗುದಕ್ಕೆ ಎಳೆದು ಜೋಡಿಸುವ ವಿಧಾನವನ್ನು ಆತ ಅಲೆಗ್ಸಾಂಡರ್ ಬಿಲ್ ಜೊತೆ 1948ರಲ್ಲಿ ಪ್ರಕಟಿಸಿದ. 1956ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಡ್ಯುಹಾಮೆಲ್ ಇನ್ನೊಂದು ವಿಧಾನ ತಂದ.

ಉಳಿದ ಕರುಳಿನ ಲೆಕ್ಕ

ಬಹುಪಾಲು ಮಕ್ಕಳಲ್ಲಿ ದೋಷ ಗುದನಾಳ ಮತ್ತು ಅದರ ಮೇಲಿನ ತಿರುವಿಗಷ್ಟೇ ಸೀಮಿತ. ದೊಡ್ಡ ಕರುಳಿನ ಬಲಭಾಗ ಉಳಿಯುವುದರಿಂದ ನೀರು–ಉಪ್ಪಿನ ಹೀರಿಕೆಗೆ ದೊಡ್ಡ ಧಕ್ಕೆಯಿಲ್ಲ. ಇಡೀ ದೊಡ್ಡ ಕರುಳಿಗೇ ನರಕೋಶವಿಲ್ಲದಿದ್ದಾಗ ಸಮಸ್ಯೆ ಬೇರೆಯೇ ಆಗುತ್ತದೆ. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದಿಟ್ಟ ಶಿಶು ಚೆನ್ನಾಗಿ ಹಾಲು ಕುಡಿಯುತ್ತದೆ, ವಾಂತಿಯಿಲ್ಲ, ಜ್ವರವಿಲ್ಲ. ಆದರೂ ತೂಕ ಏರುವುದಿಲ್ಲ. ಹೊಟ್ಟೆಗೆ ಅಂಟಿಸಿದ ಚೀಲಕ್ಕೆ ಹರಿದುಹೋಗುವ ದ್ರವದಲ್ಲಿ ಸೋಡಿಯಂ ಹೋಗುತ್ತಿರುತ್ತದೆ. ಮೂತ್ರಪಿಂಡ ಇದ್ದಷ್ಟನ್ನು ಹಿಡಿದಿಟ್ಟುಕೊಳ್ಳುವುದರಿಂದ ರಕ್ತಪರೀಕ್ಷೆ ಸರಿಯಾಗಿಯೇ ಬರಬಹುದು. ಗುಟ್ಟು ತಿಳಿಯುವುದು ಮೂತ್ರದಿಂದ: ಸೋಡಿಯಂ ಲೀಟರಿಗೆ 10 ಮಿಲಿಮೋಲ್‌ಗಿಂತ ಕೆಳಗಿದ್ದರೆ ಕೊರತೆಯಿದೆ ಎಂದರ್ಥ. ವೈದ್ಯರು ಅಳೆದು ಉಪ್ಪು ಸೇರಿಸಿದರೆ ತೂಕ ಏರತೊಡಗುತ್ತದೆ.

ಹೀರಿಕೆಯನ್ನು ಉಳಿಸಲು ಶಸ್ತ್ರವೈದ್ಯರೂ ಯತ್ನಿಸಿದರು. 1968ರಲ್ಲಿ ಅಮೆರಿಕದ ಲೆಸ್ಟರ್ ಮಾರ್ಟಿನ್, ನರಕೋಶವಿಲ್ಲದ ಎಡ ದೊಡ್ಡ ಕರುಳನ್ನು ಎಸೆಯದೆ ಸಣ್ಣ ಕರುಳಿನ ಪಕ್ಕಕ್ಕೆ ಹೊಲಿದ. ಒಂದು ಗೋಡೆ ತಳ್ಳಲಿ, ಇನ್ನೊಂದು ನೀರು ಹೀರಲಿ ಎಂಬುದು ಲೆಕ್ಕ. ಜಪಾನಿನ ಕಿಮುರಾ 1981ರಲ್ಲಿ ಬಲಭಾಗದ ಪಟ್ಟಿಯನ್ನು ಬಳಸಿದ. ಹೀಗೆ ಹೊಲಿದ ಉದ್ದನೆಯ ಕರುಳಿನ ಚೀಲದಲ್ಲಿ ಮಲ ನಿಂತು ಎಂಟರೊಕೊಲೈಟಿಸ್ (ಕರುಳಿನ ಉರಿಯೂತ) ಬರುವುದು ಕಂಡ ಮೇಲೆ ಹಲವರು ಈ ಮಾರ್ಗದಿಂದ ಹಿಂದೆ ಸರಿದರು.

1980ರಲ್ಲಿ ಸಂಶೋಧಕ ರೋಡಿಗರ್ ಇನ್ನೊಂದು ಬಾಗಿಲು ತೆರೆದ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ ರಕ್ತದ ಸಕ್ಕರೆಯಲ್ಲ, ಬ್ಯಾಕ್ಟೀರಿಯಾಗಳು ನಾರು–ಪಿಷ್ಟವನ್ನು ಹುದುಗಿಸಿ ಕೊಡುವ ಬ್ಯುಟಿರೇಟ್ ಎಂದು ತೋರಿಸಿದ. ಮಲದ ಹಾದಿ ತಪ್ಪಿಸಿದ ಕರುಳಿನಲ್ಲಿ ಉರಿಯೂತ ಬರುವುದನ್ನು 1981ರಲ್ಲಿ ಗ್ಲಾಟ್ಜರ್ ವಿವರಿಸಿದ್ದ. ಅದು ಈ ಇಂಧನದ ಕೊರತೆಯಿಂದ ಎಂಬ ವಿಚಾರಕ್ಕೆ 1989ರಲ್ಲಿ ಚಿಕಿತ್ಸೆಯ ಆಧಾರವೂ ಸಿಕ್ಕಿತು. 2000ದಲ್ಲಿ ವೆಲ್ಲೂರಿನ ಬಿ.ಎಸ್. ರಾಮಕೃಷ್ಣ ಮತ್ತು ಸಂಗಡಿಗರು ಕಾಲರಾ ರೋಗಿಗಳ ಓಆರ್‌ಎಸ್‌ಗೆ ಸುಲಭವಾಗಿ ಜೀರ್ಣವಾಗದ ಪಿಷ್ಟ ಬೆರೆಸಿ, ಭೇದಿ ಬೇಗ ನಿಲ್ಲುವುದನ್ನು ತೋರಿಸಿದರು. ಬ್ಯಾಕ್ಟೀರಿಯಾ ತಯಾರಿಸುವ ಆಮ್ಲಗಳು ದೊಡ್ಡ ಕರುಳಿನಲ್ಲಿ ಸೋಡಿಯಂ ಮತ್ತು ನೀರಿನ ಹೀರಿಕೆಯನ್ನು ಹೆಚ್ಚಿಸುತ್ತವೆ.

ಬೀದರ್–ಕಲಬುರಗಿ ಸೀಮೆಯ ಜೋಳ, ತೊಗರಿಬೇಳೆಗಳಲ್ಲಿ ಇಂಥ ಪಿಷ್ಟವೂ ನಾರೂ ಇವೆ. ಬೇಯಿಸಿ ಆರಿಸಿದಾಗ ಈ ಪಿಷ್ಟದ ಪಾಲು ಹೆಚ್ಚುತ್ತದೆ. ಇದು ಎಲ್ಲ ಮಕ್ಕಳಿಗೂ ಒಪ್ಪುವ ಪಥ್ಯವಲ್ಲ. ಎಳೆಗೂಸಿಗೆ ತಾಯಿಹಾಲೇ ಮೊದಲು. ದೊಡ್ಡ ಕರುಳನ್ನೇ ಕಳೆದುಕೊಂಡ ಮಗುವಿಗೆ ಹೆಚ್ಚು ನಾರು, ಹೆಚ್ಚು ಸಕ್ಕರೆ ಎರಡೂ ತೊಂದರೆ ಕೊಡಬಹುದು. ಎಷ್ಟು ಕರುಳು ಉಳಿದಿದೆ ಎಂಬುದರ ಮೇಲೆ ಊಟದ ನಿರ್ಧಾರ ನಿಂತಿದೆ.

ಕಲ್ಯಾಣ ಸೀಮೆಯ ಹಾದಿ

ಸ್ವೆನ್ಸನ್ನನ ಪ್ರಬಂಧ ಬಂದ 1948ರಲ್ಲೇ, ಬೀದರ್ ಸೇರಿದ್ದ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಡ್ಯುಹಾಮೆಲ್ ಬರೆದ 1956ರಲ್ಲೇ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಆಡಳಿತ ಬೆಂಗಳೂರಿನತ್ತ ಮುಖ ಮಾಡಿದರೂ ಹೆದ್ದಾರಿಯ ಮೇಲಿನ ಹುಮನಾಬಾದಿಗೆ ಹೈದರಾಬಾದ್ ಮತ್ತು ಸೊಲ್ಲಾಪುರಗಳೇ ಹತ್ತಿರ. ಹೈದರಾಬಾದಿನಲ್ಲಿ ತಾಯಂದಿರು ಮತ್ತು ಮಕ್ಕಳಿಗೆಂದೇ ನಿಲೋಫರ್ ಆಸ್ಪತ್ರೆ 1953ರಲ್ಲಿ ಆರಂಭವಾಗಿತ್ತು. ಕಲಬುರಗಿಗೆ 1963ರಲ್ಲಿ, ಬೀದರಿಗೆ 2007ರಲ್ಲಿ ವೈದ್ಯಕೀಯ ಕಾಲೇಜು ಬಂತು. ಬಡ ಕುಟುಂಬಗಳಿಗಾಗಿ 2010ರಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಮೊದಲು ಜಾರಿಯಾದದ್ದು ಕಲಬುರಗಿ ವಿಭಾಗದಲ್ಲೇ. ಅದರ ಪಟ್ಟಿಯಲ್ಲಿ ನವಜಾತ ಶಿಶುಗಳ ಕಾಯಿಲೆಗಳೂ ಇದ್ದವು. ಅದರ ಗುರಿ ದೊಡ್ಡ ಆಸ್ಪತ್ರೆಯ ಚಿಕಿತ್ಸೆಯಾಗಿತ್ತು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟುದೋಷಗಳ ತಪಾಸಣೆಯನ್ನು ಹಳ್ಳಿಗೆ ತಂದಿತು. ಸೀಳುತುಟಿ, ಹೃದಯದೋಷ ಮುಂತಾದ ಒಂಬತ್ತು ದೋಷಗಳ ಪಟ್ಟಿಯಲ್ಲಿ ಹಿರ್ಷ್‌ಸ್ಪ್ರುಂಗ್ ಇಲ್ಲ.

ಉಪಸಂಹಾರ

ಏಳು ದಶಕಗಳ ಶಸ್ತ್ರವಿದ್ಯೆ ಮಲಕ್ಕೆ ಹಾದಿ ಮಾಡಿಕೊಟ್ಟಿತು. ಮಗು ಬೆಳೆಯುವುದು ಮಾತ್ರ ಉಪ್ಪು, ನೀರು, ಬ್ಯುಟಿರೇಟಿನ ಲೆಕ್ಕದ ಮೇಲೆ. ಈ ಲೆಕ್ಕಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಮೊದಲ ಮಲದ ಸಮಯವನ್ನು ತಾಯಿ ಕಾರ್ಡಿನಲ್ಲಿ ಬರೆಯುವುದು, ಶಸ್ತ್ರಚಿಕಿತ್ಸೆಯಾದ ಮಗುವಿನ ತೂಕ ಮತ್ತು ಮೂತ್ರದ ಸೋಡಿಯಂ ನೋಡುವುದು, ಹೊಟ್ಟೆಯುಬ್ಬರದೊಂದಿಗೆ ಜ್ವರ, ದುರ್ನಾತದ ಭೇದಿ ಕಂಡರೆ ಎಂಟರೊಕೊಲೈಟಿಸ್ ಎಂದು ಶಂಕಿಸಿ ತಡಮಾಡದೆ ಕಳಿಸುವುದು: ಇವಿಷ್ಟನ್ನೂ ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲೇ ನಡೆಸಬಹುದು. ಶಸ್ತ್ರಚಿಕಿತ್ಸೆಗೆ ಕೊಟ್ಟ ಹಣ ಸಾರ್ಥಕವಾಗಬೇಕಾದರೆ ಮುಂದಿನ ಯೋಜನೆಗಳು ಇದನ್ನು ಚಿಕಿತ್ಸೆಯ ಭಾಗವೆಂದೇ ಎಣಿಸಬೇಕು.