ತಿಪ್ಪೆ ಹೇಳಿದ ಚರಿತ್ರೆ

ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ... ನಮ್ಮ ಸೀಮೆಯ ಯಾವ ಊರಿಗೆ ಹೋದರೂ ಒಬ್ಬ ತಿಪ್ಪಣ್ಣ ಸಿಕ್ಕೇ ಸಿಗುತ್ತಾನೆ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆ ಮೇಲೆ ಹೊರಳಿಸಿ ಆ ಹೆಸರು ಇಡುತ್ತಿದ್ದರು. ಬಿಸಾಕಿದ್ದರ ಮೇಲೆ ಯಮನ ಕಣ್ಣೂ ಬೀಳೋದಿಲ್ಲ ಅನ್ನೋ ನಂಬಿಕೆ.

ಮುದ್ದೇಬಿಹಾಳ ದಾಟಿ ಪೂರ್ವಕ್ಕೆ ಹೋದರೆ ಸುರಪುರ ಸೀಮೆಯ ಬೂದಿಹಾಳ. ಅಲ್ಲಿನ ಬೂದಿಗುಡ್ಡವನ್ನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದಲ್ಲಿ ಅಗೆಸಿದರು. ಇಂಥ ಗುಡ್ಡಗಳನ್ನು ಜನ ರಾಕ್ಷಸರನ್ನು ಸುಟ್ಟ ಬೂದಿ ಅನ್ನುತ್ತಿದ್ದರು. ನಿಜವಾಗಿ ಅದು ಸುಮಾರು 4000 ವರ್ಷಗಳ ಹಿಂದೆ ದನಗಾಹಿಗಳು ದೊಡ್ಡಿಯ ಸಗಣಿಯನ್ನು ಒಟ್ಟಿ, ಮತ್ತೆ ಮತ್ತೆ ಸುಟ್ಟದ್ದು. ಅಂದರೆ ತಿಪ್ಪೆಯೇ! ಆ ಜನರಿಗೆ ಲಿಪಿ ಇರಲಿಲ್ಲ, ಶಾಸನವಿಲ್ಲ. ಬೂದಿ, ಮಡಕೆ ಚೂರು, ದನದ ಎಲುಬು ಇವೇ ಅವರ ಕಡತ. ದನ ಕೊಯ್ಯುತ್ತಿದ್ದ ಜಾಗವೂ ಸಿಕ್ಕಿತು.

ಜೊತೆಗೆ ಮನೆಗಳಿದ್ದ ಕಡೆ ಮಡಕೆಯಲ್ಲಿಟ್ಟು ಹೂತ ಕೂಸುಗಳೂ ಸಿಕ್ಕವು. ಅದನ್ನು ಓದಿದಾಗ ನನಗೆ ಮುಂದಕ್ಕೆ ಹೋಗಲಾಗಲಿಲ್ಲ. ಅವರು ಏನೆಲ್ಲಾ ಬಿಸಾಕಿದರು, ಸತ್ತ ಕೂಸನ್ನು ಮಾತ್ರ ಮನೆ ಹತ್ತಿರವೇ ಇಟ್ಟುಕೊಂಡರು. ನಮ್ಮವರು ಕೂಸು ಉಳಿಯಲಿ ಅಂತ ಬಿಸಾಕಿದ ಹಾಗೆ ನಟಿಸಿದರು. ಎರಡರಲ್ಲೂ ಇರೋದು ಅದೇ ಸಂಕಟ ಅಲ್ವಾ?

ಈಗಿನ ತಿಪ್ಪೆಯಲ್ಲಿ ಪ್ಲಾಸ್ಟಿಕ್ಕು, ಗುಟಕಾ ಚೀಟಿ. ಅದರ ಮೇಲೆ ಯಾವ ಕೂಸನ್ನು ಹೊರಳಿಸೋಣ ಹೇಳಿ?