ಕೈಬಣ್ಣದ ಸಸ್ಯಚಿತ್ರಪಟಗಳ ಪರೀಕ್ಷೆ ಮತ್ತು ರಕ್ಷಣೆ

ಪ್ರಾಚೀನ ಸಸ್ಯಚಿತ್ರಪಟಗಳಿಗೆ ಬೆಲೆ ಕಟ್ಟುವವರ ಕಣ್ಣು ಮೊದಲು ಹರಿಯುವುದು ಬಣ್ಣದ ಸೊಬಗಿನ ಕಡೆಗೆ. ಆದರೆ ಆ ಬಣ್ಣವು ಎಂದು, ಯಾರ ಮೇಲ್ವಿಚಾರಣೆಯಲ್ಲಿ ಹಚ್ಚಲ್ಪಟ್ಟಿತೆಂಬುದೇ ಮುಖ್ಯವಾದ ಪ್ರಶ್ನೆ. ಹಳೆಯ ಓಲೆಗಳಲ್ಲಿ ಕವಿಯ ಮೂಲಪಾಠವನ್ನೂ ಪ್ರಕ್ಷಿಪ್ತವನ್ನೂ ಬೇರ್ಪಡಿಸುವವರಿಗೆ ಈ ವಿವೇಚನೆ ಹೊಸದಲ್ಲ.

ಡಚ್ಚರ ಪರವಾಗಿ ಮಲಬಾರಿನಲ್ಲಿ ಅಧಿಕಾರ ನಡೆಸಿದ ವಾನ್ ರೀಡನು ಸಿದ್ಧಪಡಿಸಿದ 'ಹಾರ್ಟಸ್ ಮಲಬಾರಿಕಸ್' ಎಂಬ ಲ್ಯಾಟಿನ್ ಗ್ರಂಥವು 1678 ರಿಂದ 1693 ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಹೊರಬಂದಿತು. ಇಟ್ಟಿ ಅಚ್ಯುತನ್ ಎಂಬ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರೂ ಅದಕ್ಕೆ ನೆರವಾದರು. ತಾಮ್ರದ ತಗಡಿನಲ್ಲಿ ಕೊರೆದ ಅದರ ಪಟಗಳಲ್ಲಿ ಗಿಡದ ಹೆಸರು ಮಲಯಾಳ, ಅರಬ್ಬಿ, ನಾಗರೀ ಲಿಪಿಗಳಲ್ಲಿಯೂ ಕಾಣುತ್ತದೆ. ಆದರೆ ಗ್ರಂಥವು ಬಣ್ಣವಿಲ್ಲದೆಯೇ ಪ್ರಕಟವಾಯಿತು. ಆದಕಾರಣ ಅದರ ಬಿಡಿಹಾಳೆಯೊಂದು ವರ್ಣಮಯವಾಗಿ ಕಂಡರೆ, ಆ ಬಣ್ಣವು ಕೊಂಡವನದೋ ಮಾರಿದವನದೋ ಆಗಿರುವ ಸಂಭವವೇ ಹೆಚ್ಚು. ಅದು ಅಲಂಕಾರವೇ ಹೊರತು ಸಾಕ್ಷ್ಯವಲ್ಲ. ವಿದ್ವಾಂಸನಿಗೆ ಅಂಥ ಹಾಳೆಗಿಂತ ಬರಿಯ ಕಪ್ಪು ರೇಖೆಗಳ ಹಾಳೆಯೇ ಮೇಲು.

ರಾಕ್ಸ್‌ಬರ್ಗನ ಕೋರಮಂಡಲದ ಸಸ್ಯಗ್ರಂಥದ ಸ್ಥಿತಿ ಬೇರೆ. ಲಂಡನ್ನಿನಲ್ಲಿ 1795 ರಿಂದ 1820 ರವರೆಗೆ 3 ಸಂಪುಟಗಳಲ್ಲಿ ಬಂದ ಅದರ 300 ಪಟಗಳಿಗೆ ಬಣ್ಣವು ಪ್ರಕಟಣೆಯ ಅಂಗವಾಗಿಯೇ ಸೇರಿತ್ತು. ಮೂಲಚಿತ್ರಗಳನ್ನು ಬರೆದವರು ಭಾರತೀಯ ಚಿತ್ರಕಾರರು. (ಗ್ರಂಥಕರ್ತನ ಕೀರ್ತಿ ಉಳಿಯಿತು, ಅವರ ಹೆಸರು ಉಳಿಯಲಿಲ್ಲ.) ಇಂಥ ಕೈಗೆಲಸವು ಬಹುಬೇಗ ಅಳಿಯಿತೆಂದು ತಿಳಿಯಬಾರದು, 1787ರಲ್ಲಿ ಆರಂಭವಾದ ಕರ್ಟಿಸನ ಸಸ್ಯಪತ್ರಿಕೆಯಲ್ಲಿ ಅದು 1948ರವರೆಗೂ ನಡೆದುಬಂದಿತು.

ಕಾಲನಿರ್ಣಯಕ್ಕೆ ಬಣ್ಣದ ದ್ರವ್ಯವೇ ಒಳ್ಳೆಯ ಆಧಾರ. ಪ್ರಷ್ಯನ್ ನೀಲಿಯು 18ನೆಯ ಶತಮಾನದ ಆದಿಯಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿತು. ಕೃತಕ ಅಲ್ಟ್ರಮರೀನ್ ದೊರೆತದ್ದು 1820ರ ದಶಕದಲ್ಲಿ. 1678ರ ಪಟದಲ್ಲಿ ಇವುಗಳಲ್ಲೊಂದು ಸಿಕ್ಕಿದರೆ ವಾದಕ್ಕೆ ಎಡೆಯಿಲ್ಲ. ತಾಮ್ರದ ಕಿಲುಬಿನಿಂದಾದ ಹಸುರು ಕ್ರಮೇಣ ಕಾಗದವನ್ನು ತಿಂದು, ಎಲೆಯ ಆಕಾರವನ್ನು ಹಾಳೆಯ ಬೆನ್ನಿನಲ್ಲಿ ಕಂದಾಗಿ ಮೂಡಿಸುತ್ತದೆ. ಇದು ಹಳಮೆಯ ಗುರುತೂ ಹೌದು, ರೋಗದ ಗುರುತೂ ಹೌದು. ಸೀಸದ ಬಿಳಿಯು ಗಂಧಕಮಿಶ್ರಿತ ಗಾಳಿಯಿಂದ ಕಪ್ಪಾಗುವುದರಿಂದ, ಕರಿಯ ದಳಗಳನ್ನು ಕಂಡು ಹೂವೇ ಕರಿಯದೆಂದು ನಂಬುವುದು ಅವಿವೇಕ.

ರಕ್ಷಣೆಯಲ್ಲಿ ಅತ್ಯುತ್ಸಾಹವೇ ದೊಡ್ಡ ಶತ್ರು. ಹಾಳೆಯನ್ನು ಬೆಳ್ಳಗೆ ಮಾಡಲು ತೊಳೆದರೆ ಬಣ್ಣ ಹರಿಯುತ್ತದೆ. ಕಾಗದದ ಆಮ್ಲವನ್ನು ಶಮನಮಾಡುವ ಕ್ಷಾರಜಲವು ಪ್ರಷ್ಯನ್ ನೀಲಿಯನ್ನು ಕಂದಾಗಿಸುತ್ತದೆ. ಪ್ರದರ್ಶನದಲ್ಲಿ ಬೆಳಕು ಸುಮಾರು 50 ಲಕ್ಸ್ ಮೀರದಂತೆಯೂ, ಅದೂ ಕೆಲವು ತಿಂಗಳು ಮಾತ್ರ ಬೀಳುವಂತೆಯೂ ನೋಡಿಕೊಳ್ಳಬೇಕು. ಒತ್ತುರಟ್ಟು ಆಮ್ಲರಹಿತವಾಗಿರಬೇಕು. ಚೌಕಟ್ಟಿಗೆ ಹೊಂದಿಸಲೆಂದು ಅಂಚನ್ನು ಕತ್ತರಿಸುವುದು ಇವೆಲ್ಲಕ್ಕಿಂತ ಘೋರವಾದ ಹಾನಿ: ತಗಡಿನ ಒತ್ತುಗುರುತು ಅದರಿಂದ ನಾಶವಾಗುತ್ತದೆ, ಎಷ್ಟೋ ಸಲ ಗಿಡದ ದೇಶೀಯ ನಾಮಗಳೂ ಕತ್ತರಿಯ ಬಾಯಿಗೆ ಬೀಳುತ್ತವೆ.