ತೊಂಬತ್ತೇಳೂವರೆ ಮೀಟರು

ಅರವತ್ತಮೂರರ ವಯಸ್ಸಿನಲ್ಲಿ ಬೆಳಗಿನ ಹೊತ್ತು ಓಡುವವನನ್ನು ಕಂಡರೆ, ಲಾಲ್‌ಬಾಗಿಗೆ ಗಾಳಿಸೇವನೆಗೆ ಬರುವವರು “ಏನು ಸ್ವಾಮಿ, ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರೆಯೆ?” ಎಂದು ಕೇಳುವುದುಂಟು. ನನ್ನನ್ನು ಅಟ್ಟುತ್ತಿರುವುದು ಗಡಿಯಾರ. ಅರ್ಧ ಮ್ಯಾರಥಾನನ್ನು ಎರಡು ಗಂಟೆಯೊಳಗೆ ಮುಗಿಸಬೇಕೆಂಬುದು ಮೂರು ವರ್ಷಗಳಿಂದ ನನ್ನ ಹಟ. ಕಳೆದ ಸಲ ಓಡಿದಾಗ 2 ಗಂಟೆ 29 ಸೆಕೆಂಡು ಹಿಡಿಯಿತು. “ಅರ್ಧ ನಿಮಿಷವೂ ಇಲ್ಲವಲ್ಲ, ಆಯಿತೆಂದೇ ತಿಳಿದುಕೊಳ್ಳಿ” ಎಂದಳು ನನ್ನಾಕೆ. ಹಾಗೆ ತಿಳಿಯಲು ಮನಸ್ಸು ಒಪ್ಪಲಿಲ್ಲ. ವಯಸ್ಸು ನಿಲ್ಲುವುದಿಲ್ಲ; ಇಂದು ಅರ್ಧ ನಿಮಿಷವಿದ್ದದ್ದು ನಾಳೆ ಐದು ನಿಮಿಷವಾದೀತು.

ಈ ಓಟದ ದೂರ 21 ಕಿಲೋಮೀಟರು; ಅದರ ಮೇಲೊಂದು ಬಾಲಂಗೋಚಿ, ತೊಂಬತ್ತೇಳೂವರೆ ಮೀಟರು. ನನ್ನ ವೇಗದಲ್ಲಿ ಅದಕ್ಕೆ ತಗಲುವುದು ಸುಮಾರು 33 ಸೆಕೆಂಡು. ಬಾಲವಿಲ್ಲದಿದ್ದರೆ ನಾನು ಗೆದ್ದಂತೆಯೇ ಸರಿ! ಅದನ್ನು ಕಟ್ಟಿದ ಪುಣ್ಯಾತ್ಮರು ಯಾರೆಂದು ಹುಡುಕಹೊರಟೆ.

1896ರಲ್ಲಿ ಮ್ಯಾರಥಾನ್ ಊರಿನಿಂದ ಅಥೆನ್ಸಿನವರೆಗೆ ನಡೆದ ಮೊದಲ ಒಲಿಂಪಿಕ್ ಓಟದ ದೂರ ಸುಮಾರು 40 ಕಿಲೋಮೀಟರು. ಆಮೇಲೆ ಊರಿಗೊಂದು ಅಳತೆ. 1908ರಲ್ಲಿ ಇಂಗ್ಲೆಂಡಿನವರು ವಿಂಡ್ಸರ್ ಅರಮನೆಯಿಂದ ಹೊರಟು ಲಂಡನ್ ಕ್ರೀಡಾಂಗಣದ ರಾಜಮಂಟಪದೆದುರು ಮುಗಿಯುವಂತೆ ಓಟವನ್ನು ಏರ್ಪಡಿಸಿದರು. ದೂರ 26 ಮೈಲಿ 385 ಗಜವಾಯಿತು. ಇಟಲಿಯ ಡೊರಾಂಡೊ ಪಿಯೆತ್ರಿ ಎಲ್ಲರಿಗಿಂತ ಮೊದಲು ಕ್ರೀಡಾಂಗಣದೊಳಕ್ಕೆ ಬಂದ. ಆದರೆ ಕೊನೆಯ ಆ ಗಜಗಳಲ್ಲಿ ಮತ್ತೆಮತ್ತೆ ಕುಸಿದುಬಿದ್ದ. ಅಧಿಕಾರಿಗಳು ಎತ್ತಿ ನಿಲ್ಲಿಸಿದರು. ಪರರ ನೆರವು ಪಡೆದನೆಂದು ಅವನ ಗೆಲುವು ರದ್ದಾಗಿ, ಅಮೆರಿಕದ ಜಾನಿ ಹೇಯ್ಸನಿಗೆ ಹೋಯಿತು.

1920ರಲ್ಲಿ ಆಂಟ್ವರ್ಪಿನ ಓಟ ಇನ್ನೂ ಉದ್ದ, 42.75 ಕಿಲೋಮೀಟರು. ಅಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿ 19ನೆಯವರಾದರು. ಇಂದಿನ ಅಳತೆಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ. ಆ ಹೆಚ್ಚಳವನ್ನು ಕಳೆದು ಅವರ ಲೆಕ್ಕವನ್ನು ಯಾರೂ ತಿದ್ದಿಲ್ಲ. ಮರುವರ್ಷ, 1921ರಲ್ಲಿ, ಅಂತರರಾಷ್ಟ್ರೀಯ ಸಂಸ್ಥೆ ಲಂಡನ್ನಿನ ಅಳತೆಯನ್ನೇ ಖಾಯಂ ಮಾಡಿತು. ಅದರ ಅರ್ಧವೇ ನನ್ನ ಪಾಲಿಗೆ ಬಂದದ್ದು.

ಅಂತೂ ತಪ್ಪು ಅರಮನೆಯದೆಂದು ಸಮಾಧಾನ ತಂದುಕೊಳ್ಳುವಷ್ಟರಲ್ಲಿ ಎಡ್ ವಿಟ್ಲಾಕ್ ಎಂಬವರ ಕಥೆ ಎದುರಾಯಿತು. ಇಂಗ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಗಣಿ ಇಂಜಿನಿಯರು ಅವರು. ಮನೆಯ ಬಳಿಯ ಸ್ಮಶಾನವೇ ಅವರ ಅಭ್ಯಾಸದ ಬಯಲು. ಗೋರಿಗಳ ನಡುವೆ ಗಂಟೆಗಟ್ಟಲೆ ಸುತ್ತುತ್ತಿದ್ದರು. ಎಪ್ಪತ್ತು ದಾಟಿದವರು ಯಾರೂ ಪೂರ್ಣ ಮ್ಯಾರಥಾನನ್ನು ಮೂರು ಗಂಟೆಯೊಳಗೆ ಓಡಿರಲಿಲ್ಲ. ತಾವು ಓಡಬೇಕೆಂದು ಅವರ ಆಸೆ. 2001ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, 3 ಗಂಟೆ 24 ಸೆಕೆಂಡು ಆಯಿತು. ನನ್ನ ಲೆಕ್ಕದಂತೆ 42 ಕಿಲೋಮೀಟರಿಗೇ ಗೆರೆ ಎಳೆದಿದ್ದರೆ ಅವರೂ ಅಂದೇ ಗೆದ್ದವರು. ಆದರೆ ಅವರು ಗೆದ್ದದ್ದು 2003ರಲ್ಲಿ, ಪೂರ್ತಿ ದೂರ ಓಡಿ: 2 ಗಂಟೆ 59 ನಿಮಿಷ 10 ಸೆಕೆಂಡು. ಮರುವರ್ಷ 2 ಗಂಟೆ 54 ನಿಮಿಷ 48 ಸೆಕೆಂಡು. 2017ರ ಮಾರ್ಚಿಯಲ್ಲಿ ತೀರಿಕೊಂಡರು. ಅದಕ್ಕೆ ಐದು ತಿಂಗಳ ಹಿಂದೆಯೂ ಒಂದು ಮ್ಯಾರಥಾನು ಓಡಿದ್ದರು.

ಇದನ್ನೋದಿದ ಮೇಲೆ ನನ್ನ ದೂರು ಬಾಯಲ್ಲೇ ಉಳಿಯಿತು. ರಾತ್ರಿ ಮಲಗುವಾಗ ಈ ಚರಿತ್ರೆಯನ್ನೆಲ್ಲ ನನ್ನಾಕೆಗೆ ಒಪ್ಪಿಸಿದೆ. ಅವಳು ಗಡಿಯಾರದ ಅಲಾರಮನ್ನು ಐದಕ್ಕೆ ತಿರುಗಿಸಿಟ್ಟು, “ಹಾಗಾದರೆ ಆ ತೊಂಬತ್ತೇಳೂವರೆ ಮೀಟರನ್ನೂ ಓಡಿಯೇ ಬನ್ನಿ” ಎಂದಳು.